ಫೀನಿಕ್ಸ್ ಬೇಸಿಗೆಯಲ್ಲಿ ಮೂರು ತಿಂಗಳು: ಯಾವ ಹೊತ್ತಿಗೆ ಎಲ್ಲಿಗೆ?

ಪ್ರಶ್ನೆ: ನನಗೆ 64, ನನ್ನ ಹೆಂಡತಿಗೆ 59. ಮಗ ಅಮೆರಿಕದ ಅರಿಝೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಇದ್ದಾನೆ. ಜೂನ್ ಮೊದಲ ವಾರ ಹೋಗಿ ಆಗಸ್ಟ್ ಕೊನೆಗೆ ವಾಪಸ್ ಬರುತ್ತೇವೆ, ಟಿಕೆಟ್ ಆಗಿದೆ. ಮಗ ಮಾತ್ರ ‘ಬೇಸಿಗೇಲಿ ಇಲ್ಲಿ ಹೊರಗೆ ಕಾಲಿಡೋಕೆ ಆಗಲ್ಲಪ್ಪ’ ಅನ್ನುತ್ತಾನೆ. ನಾವು ರಾಯಚೂರಿನವರು, ಬಿಸಿಲು ನಮಗೆ ಹೊಸದಲ್ಲ. ಮೂರು ತಿಂಗಳು ಎ.ಸಿ. ಹಾಕಿಕೊಂಡು ಒಳಗೇ ಕೂರಬೇಕಾ? ಮರುಭೂಮಿ, ಬೆಟ್ಟ, ಗ್ರ್ಯಾಂಡ್ ಕ್ಯಾನಿಯನ್ ನೋಡುವ ಆಸೆ ಇದೆ. ಹೆಂಡತಿಗೆ ಮಂಡಿ ನೋವು, ಬಿ.ಪಿ. ಮಾತ್ರೆಯೂ ನಡೆಯುತ್ತಿದೆ.

ಉತ್ತರ: ಒಳಗೇ ಕೂರಬೇಕಾಗಿಲ್ಲ. ಹಾಗಂತ ನಿಮ್ಮ ಮಗ ಹೇಳಿದ್ದು ಸುಳ್ಳೂ ಅಲ್ಲ. ಬೆಳಗಿನ ಜಾವದ ಫೀನಿಕ್ಸ್ ಒಂದು ಊರು, ಮಧ್ಯಾಹ್ನದ ಫೀನಿಕ್ಸ್ ಇನ್ನೊಂದು ಊರು. ಎಲ್ಲಿಗೆ ಹೋಗೋದು ಅಂತ ಪಟ್ಟಿ ಮಾಡುವ ಮೊದಲು ಎಷ್ಟು ಹೊತ್ತಿಗೆ ಹೋಗೋದು ಅಂತ ನಿಶ್ಚಯ ಮಾಡಿಕೊಳ್ಳಿ. ಅದು ಸರಿಯಾದರೆ ನೀವು ಬಹಳಷ್ಟು ನೋಡಬಹುದು.

ನಾನು ಈ ಊರಿಗೆ ಬಂದು ಹದಿನೇಳು ವರ್ಷ ಆಯಿತು. ಊರಿಂದ ಬರುವ ಅಪ್ಪ ಅಮ್ಮಂದಿರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ಬಂದು ಅಭ್ಯಾಸ ಇದೆ. ‘ಬಿಸಿಲು ನಮಗೆ ಹೊಸದಲ್ಲ’ ಅನ್ನುವ ಮಾತನ್ನು ಪ್ರತಿ ಬೇಸಿಗೆ ಕೇಳುತ್ತೇನೆ. ನನ್ನ ಸೋದರಮಾವನೂ ಇದನ್ನೇ ಹೇಳಿದ್ದರು. ಜೂನ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತಕ್ಕೆ ಅವರನ್ನು ಸೌತ್ ಮೌಂಟನ್ ಬೆಟ್ಟದ ದಾರಿಗೆ ಕರೆದುಕೊಂಡು ಹೋದೆ. ಅವರು ಪದೇ ಪದೇ ‘ನೋಡು, ಬೆವರೇ ಇಲ್ಲ, ಹಿತವಾಗಿದೆ’ ಅನ್ನುತ್ತಿದ್ದರು. ಮುಕ್ಕಾಲು ಗಂಟೆ ಆದ ಮೇಲೆ ಮಾತು ತೊದಲಿತು. ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಉತ್ತರ ಬಂತು. ಬಂಡೆಯ ನೆರಳಿಗೆ ಕೂರಿಸಿ, ಇದ್ದ ನೀರನ್ನೆಲ್ಲ ತಲೆ, ಕುತ್ತಿಗೆ, ಎದೆಗೆ ಸುರಿದು ಇಲ್ಲಿನ ತುರ್ತು ಸಹಾಯದ ನಂಬರು 911ಕ್ಕೆ ಫೋನ್ ಮಾಡಿದೆವು. ಅವರು ಉಳಿದರು. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಅವರು ಬೆವರುತ್ತಲೇ ಇದ್ದರು. ಜೂನ್ ತಿಂಗಳ ಮಧ್ಯಾಹ್ನ ಇಲ್ಲಿ ಗಾಳಿಯ ತೇವ ಎಷ್ಟೋ ದಿನ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಬೆವರು ಚರ್ಮದ ಮೇಲೆ ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆ ಆಗೋದಿಲ್ಲ, ಹಾಗಾಗಿ ಮೈಯಿಂದ ಎಷ್ಟು ನೀರು ಹೋಯಿತು ಅನ್ನೋದು ಕಣ್ಣಿಗೆ ಕಾಣೋದಿಲ್ಲ. ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ಆಗಲೇ ತಡ ಆಗಿರುತ್ತದೆ. ನಮ್ಮ ಕಡೆ ಮೈ ಜಿಗುಟಾದಾಗ ನಾವೇ ನೆರಳು ಹುಡುಕುತ್ತೇವೆ. ಇಲ್ಲಿ ಆ ಸೂಚನೆಯೇ ಸಿಗೋದಿಲ್ಲ. ರಾಯಚೂರಿನ ಅಭ್ಯಾಸ ಇಲ್ಲಿ ಕೈ ಕೊಡೋದು ಇದಕ್ಕೇ.

ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ಮೇ ಕಳೆದರೆ ಮಳೆ ಬಂದು ತಂಪಾಗುತ್ತದೆ. ಇಲ್ಲಿ ನಿಜವಾದ ಬೇಸಿಗೆ ಶುರುವಾಗೋದೇ ಜೂನ್‌ನಲ್ಲಿ. 2023ರಲ್ಲಿ ಜೂನ್ 30ರಿಂದ ಸತತ 31 ದಿನ ಉಷ್ಣಾಂಶ 110 ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ಅದೇ ಜುಲೈನ ಒಂದು ದಿನ ತೀರಾ ತಂಪಾದ ಹೊತ್ತಿನಲ್ಲೂ 36 ಡಿಗ್ರಿ ಇತ್ತು. ಹಗಲೆಲ್ಲ ಕಾದ ಡಾಂಬರು, ಕಾಂಕ್ರೀಟು ರಾತ್ರಿ ಇಡೀ ಆ ಕಾವನ್ನು ಬಿಡುತ್ತವೆ. ಅದಕ್ಕೇ ಸಂಜೆ ಸೂರ್ಯ ಮುಳುಗಿದ ಮೇಲೂ ವಾಕಿಂಗ್ ಹಿತ ಅನಿಸೋದಿಲ್ಲ. ನಿಮಗೆ ಸಿಗೋದು ಬೆಳಗಿನ ಹೊತ್ತು ಮಾತ್ರ.

ಜೂನ್ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಸುಮಾರು 5 ಗಂಟೆ 20 ನಿಮಿಷಕ್ಕೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಅರಿಝೋನಾದ ಬಹುಪಾಲು ಕಡೆ ಇಡೋದಿಲ್ಲ. ಹಾಗಾಗಿ ಬೆಳಕು ಬೇಗ ಬರುತ್ತದೆ. ನಿಮಗೆ ಇದು ಅನುಕೂಲವೇ. ಭಾರತದ ಸಮಯ ಇಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಬಂದ ಮೊದಲ ವಾರ ನಿಮಗೆ ಹೇಗೂ ರಾತ್ರಿ ಮೂರಕ್ಕೇ ಎಚ್ಚರ ಆಗುತ್ತದೆ. ಅದನ್ನು ಸರಿ ಮಾಡಿಕೊಳ್ಳೋಕೆ ಹೋಗಬೇಡಿ. ನಾಲ್ಕಕ್ಕೆ ಎದ್ದು ಕಾಫಿ ಕುಡಿದು, ಐದಕ್ಕೆ ಹೊರಟು, ಏಳೂವರೆಗೆ ಮನೆ ಸೇರಿ. ರಾತ್ರಿ ಒಂಬತ್ತಕ್ಕೆ ಮಲಗಿ. ಮೂರು ತಿಂಗಳೂ ಹೀಗೇ ಇದ್ದುಬಿಡಿ.

ಮನೆಯ ಹತ್ತಿರದ್ದರಿಂದಲೇ ಶುರು ಮಾಡಿ. ಚಾಂಡ್ಲರ್ ಪಕ್ಕದ ಗಿಲ್ಬರ್ಟ್‌ನಲ್ಲಿ ರಿಪೇರಿಯನ್ ಪ್ರಿಸರ್ವ್ ಅಂತ 110 ಎಕರೆ ಜಾಗ ಇದೆ. ಊರಿನ ಶುದ್ಧೀಕರಿಸಿದ ನೀರನ್ನು ಕೊಳಗಳಲ್ಲಿ ನಿಲ್ಲಿಸಿ ನೆಲಕ್ಕೆ ಇಂಗಿಸುವ ಜಾಗ ಅದು. ನೀರು ಇದ್ದ ಮೇಲೆ ಹಕ್ಕಿ ಬರದೇ ಇರುತ್ತವಾ? ಬೆಳ್ಳಕ್ಕಿ, ಬಾತುಕೋಳಿ, ಹಮ್ಮಿಂಗ್‌ಬರ್ಡ್ ಎಲ್ಲ ಸಿಗುತ್ತವೆ. ದಾರಿ ಸಮತಟ್ಟು, ಮಧ್ಯೆ ಮಧ್ಯೆ ಕೂರಲು ಬೆಂಚು. ನಿಮ್ಮ ಮನೆಯವರ ಮಂಡಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಮಗನಿಗೆ ಆಫೀಸಿದ್ದರೆ ಪರವಾಗಿಲ್ಲ, ಚಾಂಡ್ಲರ್‌ನಲ್ಲಿ ವೇಮೋ ಅಂತ ಚಾಲಕನೇ ಇಲ್ಲದ ಟ್ಯಾಕ್ಸಿ ಓಡಾಡುತ್ತದೆ. ಮಗ ಒಂದು ಸಲ ಆ್ಯಪ್ ಹಾಕಿಕೊಟ್ಟು ತೋರಿಸಿದರೆ ನೀವೇ ಹೋಗಿ ಬರಬಹುದು.

ಮರುಭೂಮಿ ನೋಡಬೇಕು ಅಂದಿರಿ. ಮೊದಲು ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ. 1939ರಲ್ಲಿ ಶುರುವಾದ ಈ ತೋಟ ಪಪಾಗೊ ಪಾರ್ಕ್‌ನಲ್ಲಿದೆ. ಇಲ್ಲಿ ಒಂದು ಬೆಳಿಗ್ಗೆ ಕಳೆದರೆ ಆಮೇಲೆ ಎಲ್ಲಿ ಹೋದರೂ ಗಿಡಗಳ ಗುರುತು ಸಿಗುತ್ತದೆ. ಸೊನೊರನ್ ಮರುಭೂಮಿ ಅಂದರೆ ಬರೀ ಮರಳಲ್ಲ. ಗಿಡ ತುಂಬಿದ ಮರುಭೂಮಿ ಇದು. ಇದರ ಯಜಮಾನ ಸವಾರೊ ಎಂಬ ಪಾಪಾಸುಕಳ್ಳಿ. (ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ಜಿ’ ಇದ್ದರೂ ಅದನ್ನು ಉಚ್ಚರಿಸೋದಿಲ್ಲ.) ತೋಳು ಎತ್ತಿ ನಿಂತ ಮನುಷ್ಯನ ಹಾಗೆ ಕಾಣುತ್ತದಲ್ಲ, ಅದೇ. ಆ ಮೊದಲ ತೋಳು ಮೂಡೋಕೆ ಐವತ್ತು, ಎಪ್ಪತ್ತು ವರ್ಷ ಬೇಕು. ಆಯಸ್ಸು ನೂರೈವತ್ತು ದಾಟುತ್ತದೆ. ಮೈಯೆಲ್ಲ ಮಡಿಕೆ ಮಡಿಕೆ. ಮಳೆ ಬಂದಾಗ ನೀರು ಕುಡಿದು ಆ ಮಡಿಕೆ ಬಿಚ್ಚಿಕೊಂಡು ದಪ್ಪ ಆಗುತ್ತದೆ, ಬರದಲ್ಲಿ ಮುದುಡಿಕೊಳ್ಳುತ್ತದೆ. ನಾನು ಯಾರನ್ನು ಕರೆದುಕೊಂಡು ಹೋದರೂ ಒಂದು ಸವಾರೊ ಮುಂದೆ ಐದು ನಿಮಿಷ ಸುಮ್ನೆ ನಿಲ್ಲಿಸುತ್ತೇನೆ. ತೂತುಗಳಲ್ಲಿ ಮರಕುಟಿಗ, ಗೂಬೆ ಸಂಸಾರ ಮಾಡಿರುತ್ತವೆ.

ಚೋಯಾ ಅನ್ನುವ ಇನ್ನೊಂದು ಕಳ್ಳಿಯಿಂದ ಮಾತ್ರ ದೂರ ಇರಿ. ನೋಡೋಕೆ ಮೆತ್ತಗೆ, ಬಂಗಾರದ ಬಣ್ಣ. ಸ್ವಲ್ಪ ತಾಗಿದರೂ ಮುಳ್ಳಿನ ಉಂಡೆಯೇ ಕಿತ್ತು ಮೈಗೆ ಅಂಟಿಕೊಳ್ಳುತ್ತದೆ. ಕೈಯಿಂದ ಕೀಳೋಕೆ ಹೋದರೆ ಕೈಗೂ ಹಿಡಿಯುತ್ತದೆ. ಚೀಲದಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳಿ, ಅದನ್ನು ಮುಳ್ಳಿನ ಸಂದಿಗೆ ತೂರಿಸಿ ಎಗರಿಸಬೇಕು. ಚಪ್ಪಲಿ ಬೇಡ, ಶೂ ಹಾಕಿ.

ತೋಟದ ಹತ್ತಿರವೇ ಪಪಾಗೊ ಪಾರ್ಕ್‌ನಲ್ಲಿ ಹೋಲ್ ಇನ್ ದಿ ರಾಕ್ ಅಂತ ತೂತು ಬಿದ್ದ ಕೆಂಪು ಬಂಡೆ ಇದೆ. ಹತ್ತು ಹದಿನೈದು ನಿಮಿಷದ ಏರು. ನೀವು ಹತ್ತಬಹುದು, ಮಂಡಿ ನೋವು ಇರುವವರು ಕೆಳಗೆ ಕೂತೇ ನೋಡಿದರೂ ಚೆನ್ನ. ಎತ್ತರದಿಂದ ಊರು ನೋಡಬೇಕೆಂದರೆ ಸೌತ್ ಮೌಂಟನ್ ಪಾರ್ಕ್‌ನ ಡಾಬಿನ್ಸ್ ಲುಕೌಟ್‌ವರೆಗೂ ಕಾರೇ ಹೋಗುತ್ತದೆ. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಹೋಗಿ.

ಕ್ಯಾಮಲ್‌ಬ್ಯಾಕ್ ಬೆಟ್ಟದ ಹೆಸರು ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ಅದು ಬೇಡವೇ ಬೇಡ. ಎತ್ತರ 824 ಮೀಟರ್ ಅಷ್ಟೇ, ಆದರೆ ಕಡಿದಾದ ಬಂಡೆಯ ದಾರಿ, ನೆರಳು ಇಲ್ಲ. ಪ್ರತಿ ವರ್ಷ ಅಲ್ಲಿಂದ ಜನರನ್ನು ಹೊತ್ತು ಇಳಿಸಬೇಕಾಗುತ್ತದೆ. 2021ರಿಂದ ಈಚೆಗೆ, ವಿಪರೀತ ಬಿಸಿಲಿನ ಎಚ್ಚರಿಕೆ ಇರುವ ದಿನ ಫೀನಿಕ್ಸ್ ನಗರಾಡಳಿತವೇ ಆ ದಾರಿಯನ್ನು ಹಗಲು ಹೊತ್ತು ಮುಚ್ಚುತ್ತಿದೆ.

ಒಂದು ಬೆಳಿಗ್ಗೆ ಕಾಸಾ ಗ್ರಾಂದೆ ರೂಯಿನ್ಸ್‌ಗೆ ಇಡಿ. ಚಾಂಡ್ಲರ್‌ನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿ, ಕೂಲಿಡ್ಜ್ ಎಂಬ ಊರಲ್ಲಿದೆ. 1350ರ ಸುಮಾರಿಗೆ ಕಟ್ಟಿದ ನಾಲ್ಕು ಅಂತಸ್ತಿನ ಮಣ್ಣಿನ ಮನೆ ಇನ್ನೂ ನಿಂತಿದೆ. ಕಟ್ಟಿದವರನ್ನು ಹೊಹೊಕಾಂ ಅನ್ನುತ್ತಾರೆ. ಈ ಮರುಭೂಮಿಯಲ್ಲಿ ನೂರಾರು ಮೈಲಿ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದ ಜನ. ಆ ಹಳೇ ಕಾಲುವೆಗಳ ಗುರುತು ಹಿಡಿದೇ ಹತ್ತೊಂಬತ್ತನೇ ಶತಮಾನದಲ್ಲಿ ಹೊಸಬರು ನೀರು ಹರಿಸಿದರು. ಹಳೆಯ ನಾಗರಿಕತೆಯ ಬೂದಿಯಿಂದ ಎದ್ದ ಊರು ಅಂತ ಫೀನಿಕ್ಸ್ ಹಕ್ಕಿಯ ಹೆಸರಿಟ್ಟರು. ತುಂಗಭದ್ರಾ ಕಾಲುವೆ ನೋಡಿ ಬೆಳೆದ ನಿಮಗೆ ಈ ಕಥೆ ಬೇಗ ಹಿಡಿಸುತ್ತದೆ ಅಂದುಕೊಂಡಿದ್ದೇನೆ. ಇದು ತೆಗೆಯೋದು ಸ್ವಲ್ಪ ತಡ, ಹಾಗಾಗಿ ತೆಗೆದ ತಕ್ಷಣ ನೋಡಿಕೊಂಡು ಹೊರಟುಬಿಡಿ.

ಶನಿವಾರ, ಭಾನುವಾರ ಮಗನಿಗೆ ರಜೆ ಇದ್ದಾಗ ಬೆಟ್ಟದ ಕಡೆ ಹೋಗಿ. ಫೀನಿಕ್ಸ್ ಇರೋದು ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿ. ಉತ್ತರಕ್ಕೆ ಎರಡು ಎರಡೂಕಾಲು ಗಂಟೆ ಕಾರಿನಲ್ಲಿ ಹೋದರೆ ಫ್ಲ್ಯಾಗ್‌ಸ್ಟಾಫ್, ಅದು 2,100 ಮೀಟರ್ ಎತ್ತರ. ಇಲ್ಲಿ 43 ಡಿಗ್ರಿ ಇದ್ದಾಗ ಅಲ್ಲಿ 30ರ ಆಸುಪಾಸು. ಕಳ್ಳಿ ಹೋಗಿ ಪೈನ್ ಮರ ಬರುತ್ತದೆ. ರಾತ್ರಿ ಸ್ವೆಟರ್ ಬೇಕಾಗುತ್ತದೆ, ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ. 1930ರಲ್ಲಿ ಪ್ಲೂಟೊವನ್ನು ಕಂಡುಹಿಡಿದ ಲೊವೆಲ್ ವೀಕ್ಷಣಾಲಯ ಇರೋದು ಅಲ್ಲೇ. ರಾತ್ರಿ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುತ್ತಾರೆ.

ಆ ದಾರಿಯಲ್ಲೇ ಮಾಂಟೆಝೂಮಾ ಕ್ಯಾಸಲ್ ಸಿಗುತ್ತದೆ. ಕಡಿದಾದ ಬಂಡೆಯ ಹೊಟ್ಟೆಯಲ್ಲಿ ಐದು ಅಂತಸ್ತಿನ, ಇಪ್ಪತ್ತು ಕೋಣೆಯ ಮನೆ. ಕೆಳಗೆ ಸಿಮೆಂಟಿನ ನುಣುಪು ದಾರಿ, ಹೊಳೆ, ದೊಡ್ಡ ಮರಗಳ ನೆರಳು. ಅರ್ಧ ಗಂಟೆ ಸಾಕು. ಆಮೇಲೆ ಸೆಡೋನಾ. ಕಬ್ಬಿಣದ ಅಂಶದಿಂದ ಕೆಂಪಾದ ಕಲ್ಲಿನ ಬೆಟ್ಟಗಳು. ಅಲ್ಲೂ ಮಧ್ಯಾಹ್ನ ಬಿಸಿಲು ಜೋರೇ, ಬೆಳಿಗ್ಗೆ ಅಥವಾ ಸಂಜೆ ನೋಡಿ. ಸೆಡೋನಾದಿಂದ ಓಕ್ ಕ್ರೀಕ್ ಕಣಿವೆಯ ಮೂಲಕ ಫ್ಲ್ಯಾಗ್‌ಸ್ಟಾಫ್‌ಗೆ ಹತ್ತುವ ದಾರಿ ನಮ್ಮ ಘಾಟಿ ರಸ್ತೆಯ ಹಾಗೇ ಇದೆ. ಮಗನಿಗೆ ಒಂದು ಮಾತು ಹೇಳಿ: ಫೀನಿಕ್ಸ್‌ನಿಂದ ಹೊರಟ ಮೇಲೆ ದೊಡ್ಡ ಏರು ಬರುತ್ತದೆ, ಅಲ್ಲಿ ಎ.ಸಿ. ಆರಿಸಿ ಅನ್ನುವ ಬೋರ್ಡುಗಳೂ ಇವೆ. ಎಂಜಿನ್ ಕಾದು ನಿಂತುಬಿಟ್ಟರೆ ಬಿಸಿಲಲ್ಲಿ ಕಾಯಬೇಕು. ಡಿಕ್ಕಿಯಲ್ಲಿ ಯಾವಾಗಲೂ ಹತ್ತು ಲೀಟರ್ ನೀರು, ಒಂದು ಕೊಡೆ ಇರಲಿ.

ಗ್ರ್ಯಾಂಡ್ ಕ್ಯಾನಿಯನ್‌ಗೆ ಒಂದೇ ದಿನದಲ್ಲಿ ಹೋಗಿ ಬರುವವರಿದ್ದಾರೆ. ಹೋಗೋಕೆ ಮೂರೂವರೆ ಗಂಟೆ, ಬರೋಕೆ ಮೂರೂವರೆ. ನಿಮಗೆ ಅದು ಬೇಡ. ಎರಡು ರಾತ್ರಿ ಇರಿ, ರೂಮು ಈಗಲೇ ಬುಕ್ ಮಾಡಿಸಿ. ಸೌತ್ ರಿಮ್ ಅನ್ನುವ ದಕ್ಷಿಣದ ಅಂಚು 2,100 ಮೀಟರ್ ಎತ್ತರದಲ್ಲಿದೆ, ಜುಲೈನಲ್ಲೂ ಹವೆ ಹಿತವಾಗಿರುತ್ತದೆ. ಒಳಗೆಲ್ಲ ಉಚಿತ ಬಸ್ಸು. ಹರ್ಮಿಟ್ ರೋಡ್ ಬಸ್ಸು ಹಿಡಿದು ಹೋಪಿ ಪಾಯಿಂಟ್‌ನಲ್ಲಿ ಇಳಿದು ಸೂರ್ಯಾಸ್ತ ನೋಡಿ. ಅಂಚಿನಗುಂಟ ಟ್ರೇಲ್ ಆಫ್ ಟೈಮ್ ಅಂತ ಸಿಮೆಂಟಿನ ಕಾಲುದಾರಿ ಇದೆ. ಅಲ್ಲಿ ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ. ನಡೀತಾ ಹೋದ ಹಾಗೆ ಆಯಾ ಕಾಲದ ಕಲ್ಲನ್ನು ಪಕ್ಕದಲ್ಲೇ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಕಾಲು ನೋವು ಇದ್ದವರೂ ಕೂತು ಎದ್ದು ನಡೆಯಬಹುದಾದ ದಾರಿ.

ಕೆಳಗೆ ಇಳಿಯುವ ದಾರಿಗೆ ಮಾತ್ರ ಹೋಗಬೇಡಿ. ‘ಸ್ವಲ್ಪ ದೂರ ಇಳಿದು ನೋಡೋಣ’ ಅಂತ ಅನಿಸಿಯೇ ಅನಿಸುತ್ತದೆ. ನಮ್ಮ ಬೆಟ್ಟಗಳಲ್ಲಿ ಮೊದಲು ಹತ್ತು, ಆಮೇಲೆ ಇಳಿ. ಇಲ್ಲಿ ಮೊದಲು ಇಳಿ, ದಣಿದ ಮೇಲೆ ಹತ್ತು. ಕೆಳಕ್ಕೆ ಹೋದಷ್ಟೂ ಕಾವು ಜಾಸ್ತಿ. ತಳದಲ್ಲಿ ಫೀನಿಕ್ಸ್‌ನಷ್ಟೇ ಬಿಸಿಲು. ಇನ್ನು ಖರ್ಚಿನ ವಿಷಯ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಗ್ರ್ಯಾಂಡ್ ಕ್ಯಾನಿಯನ್ ಸೇರಿ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ಹೊರದೇಶದವರ ವಾರ್ಷಿಕ ಪಾಸು 250 ಡಾಲರ್, ಅದನ್ನು ತೆಗೆದುಕೊಂಡವರಿಗೆ ಈ ಹೆಚ್ಚುವರಿ ಇಲ್ಲ. ಇಂಥ ಉದ್ಯಾನ ಒಂದಕ್ಕಿಂತ ಹೆಚ್ಚು ನೋಡುವ ಯೋಚನೆ ಇದ್ದರೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಈಗ ಮೈ ವಿಷಯ. ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಬಿ.ಪಿ. ಮಾತ್ರೆ ತೋರಿಸಿ, ವಿಪರೀತ ಒಣ ಬಿಸಿಲಿನ ಊರಿಗೆ ಹೋಗುತ್ತಿದ್ದೇವೆ ಅಂತ ಹೇಳಿ. ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡಿ ನೀರು ಹೊರಹಾಕುತ್ತವೆ, ಕೆಲವು ಮೈ ತಂಪಾಗುವ ಕೆಲಸಕ್ಕೆ ಅಡ್ಡ ಬರುತ್ತವೆ. ಮಾತ್ರೆ ನಿಲ್ಲಿಸೋದು, ಕಡಿಮೆ ಮಾಡೋದು ನೀವಾಗಿ ಮಾಡಬೇಡಿ. ನೀರು ಗಂಟೆಗೊಂದು ಗುಟುಕು ಅಲ್ಲ, ಹತ್ತು ನಿಮಿಷಕ್ಕೊಮ್ಮೆ ಕುಡಿಯಬೇಕು. ನಡೆಯುವಾಗ ಗಂಟೆಗೆ ಸುಮಾರು ಒಂದು ಲೀಟರ್ ಬೇಕಾಗುತ್ತದೆ. ಬಾಟ್ಲಿ ಅರ್ಧ ಆದ ಕೂಡಲೇ ವಾಪಸ್ ತಿರುಗಿ, ಎಷ್ಟೇ ಹತ್ತಿರ ಬಂದಿದ್ದರೂ. ಬರೀ ನೀರೇ ಕುಡಿಯುತ್ತಾ ಹೋದರೆ ಮೈಯ ಉಪ್ಪು ತೆಳುವಾಗಿ ತಲೆ ಸುತ್ತುತ್ತದೆ. ನಮ್ಮ ಮಜ್ಜಿಗೆ, ಉಪ್ಪು ಹಾಕಿದ ನಿಂಬೆ ಪಾನಕ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿವೆ. ಬಿ.ಪಿ. ಇರುವವರಿಗೆ ಉಪ್ಪು ಎಷ್ಟು ಅನ್ನೋದನ್ನೂ ಡಾಕ್ಟರ ಹತ್ತಿರವೇ ಕೇಳಿ. ತಲೆನೋವು, ವಾಕರಿಕೆ ಬಂದರೆ ಅವತ್ತಿನ ತಿರುಗಾಟ ಮುಗಿಯಿತು ಅಂತಲೇ ತಿಳಿಯಿರಿ. ಮಾತು ತೊದಲಿದರೆ, ಗಲಿಬಿಲಿ ಆದರೆ 911.

ಬರಿಗಾಲಲ್ಲಿ ಹೊರಗೆ ಹೆಜ್ಜೆ ಇಡಬೇಡಿ. ಮಧ್ಯಾಹ್ನ ಡಾಂಬರು 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ದೇವಸ್ಥಾನಕ್ಕೆ ಹೋದಾಗ ಕಾರಿನಲ್ಲೇ ಚಪ್ಪಲಿ ಬಿಟ್ಟು ಓಡುವ ಅಭ್ಯಾಸ ನಮಗೆಲ್ಲ ಇದೆಯಲ್ವಾ? ಇಲ್ಲಿ ಬಾಗಿಲ ತನಕ ಹಾಕಿಕೊಂಡೇ ಹೋಗಿ. ಮಾತ್ರೆಗಳನ್ನು ಕಾರಿನಲ್ಲಿ ಬಿಡಬೇಡಿ.

ಜನ ಹೇಳದ ಒಂದು ವಿಷಯ ಹೇಳುತ್ತೇನೆ. ಇಲ್ಲಿನ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ. ಅದು ಧೂಳಿನ ಜೊತೆ ಉಸಿರಿಗೆ ಹೋದರೆ ವ್ಯಾಲಿ ಫೀವರ್ ಎಂಬ ಜ್ವರ ಬರಬಹುದು. ಬಹಳ ಜನರಿಗೆ ಏನೂ ಆಗೋದಿಲ್ಲ. ಕೆಲವರಿಗೆ ಒಂದರಿಂದ ಮೂರು ವಾರದ ಮೇಲೆ ಕೆಮ್ಮು, ಜ್ವರ, ಸುಸ್ತು ಶುರುವಾಗುತ್ತದೆ. ಊರಿಗೆ ಹೋದ ಮೇಲೆ ಹೀಗಾದರೆ ಡಾಕ್ಟರಿಗೆ ‘ಅರಿಝೋನಾದಲ್ಲಿ ಇದ್ದೆವು’ ಅಂತ ಮೊದಲೇ ಹೇಳಿ. ನಮ್ಮ ಕಡೆ ಕಾಣದ ಕಾಯಿಲೆ ಇದು, ಎಕ್ಸ್‌ರೇ ನೋಡಿ ಕ್ಷಯ ಅಂದುಕೊಳ್ಳುವ ಸಾಧ್ಯತೆ ಇದೆ.

ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿ ಮಾನ್ಸೂನ್ ಅಂತ ಲೆಕ್ಕ. ನಮ್ಮ ಮುಂಗಾರಿನ ಹಾಗೆ ದಿನಗಟ್ಟಲೆ ಸುರಿಯೋದಿಲ್ಲ. ಸಂಜೆ ಹೊತ್ತು ದಿಢೀರನೆ ಮೋಡ ಕಟ್ಟಿ ಗುಡುಗು, ಮಿಂಚು, ಅರ್ಧ ಗಂಟೆ ಮಳೆ. ಅದಕ್ಕೂ ಮೊದಲು ಧೂಳಿನ ಗೋಡೆ ಎದ್ದು ಬರಬಹುದು. ಅದಕ್ಕೆ ಹಬೂಬ್ ಅನ್ನುತ್ತಾರೆ. 2011ರ ಜುಲೈ 5ರಂದು ಬಂದದ್ದು ಒಂದೂವರೆ ಕಿಲೋಮೀಟರ್ ಎತ್ತರ ಇತ್ತು. ದಾರಿಯಲ್ಲಿ ಸಿಕ್ಕಿಕೊಂಡರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಇಳಿಸಿ, ಲೈಟು ಆರಿಸಿ, ಬ್ರೇಕ್ ಮೇಲಿಂದ ಕಾಲು ತೆಗೆದು ಕೂರಬೇಕು. ಲೈಟು ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ. ಒಣಗಿದ ಹಳ್ಳಗಳಿಗೂ ಇಳಿಯಬೇಡಿ. ಮಳೆ ಎಲ್ಲೋ ಬೆಟ್ಟದಲ್ಲಿ ಬಿದ್ದು ನೀರು ಇಲ್ಲಿ ನುಗ್ಗುತ್ತದೆ.

ನವೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ ಅಂತ ಎಲ್ಲರೂ ಹೇಳುತ್ತಾರೆ, ಹೌದು. ಇನ್ನೊಂದು ಸಲ ಬರೋದಾದರೆ ಆಗ ಬನ್ನಿ. ಆದರೆ ನಿಮ್ಮ ತಿಂಗಳುಗಳಲ್ಲಿ ಮಾತ್ರ ಸಿಗೋದು ಕೆಲವಿವೆ. ಜೂನ್ ಕೊನೆಗೆ ಸವಾರೊ ಹಣ್ಣಾಗಿ ಕೆಂಪಗೆ ಬಿರಿಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನ ಒಣಗಿದ ಸವಾರೊದ್ದೇ ಉದ್ದ ಕೋಲು ಮಾಡಿ ಆ ಹಣ್ಣು ಕೀಳುತ್ತಾರೆ. ಅವರಿಗೆ ಅದೇ ಹೊಸ ವರ್ಷ, ಮಳೆ ಕರೆಯುವ ಕಾಲ. ಮೊದಲ ಮಳೆ ಬಿದ್ದಾಗ ಕ್ರಿಯೊಸೋಟ್ ಎಂಬ ಕುರುಚಲು ಗಿಡದ ಎಲೆಯಿಂದ ಒಂದು ಘಮ ಎದ್ದು ಇಡೀ ಮರುಭೂಮಿ ತುಂಬಿಕೊಳ್ಳುತ್ತದೆ. ನಮ್ಮ ಮಣ್ಣಿನ ವಾಸನೆ ಅಲ್ಲ ಅದು, ಸ್ವಲ್ಪ ಖಾರ, ಸ್ವಲ್ಪ ಔಷಧಿಯ ಹಾಗೆ. ರಾತ್ರಿ ಮಳೆ ಬಂತು ಅಂದರೆ ಮಗನಿಗೆ ಹೇಳಿಡಿ, ಮರುದಿನ ಐದಕ್ಕೇ ನಿಮ್ಮನ್ನು ಊರ ಹೊರಗೆ ಕರೆದುಕೊಂಡು ಹೋಗಲಿ. ಬಿಸಿಲು ಏರಿದ ಮೇಲೆ ಆ ಘಮ ಉಳಿಯೋದಿಲ್ಲ.